ಪರ್ಸೋನಾ 4 ಗೋಲ್ಡನ್: ಗೈಡ್ ನೋಡಿಕೊಂಡು ಆಡಬೇಕಾ, ಮನಸ್ಸಿಗೆ ಬಂದಂತೆ ಆಡಬೇಕಾ?

ಕಾಗದದೋಣಿ ಕೇಳಿದ್ದು:

ಪರ್ಸೋನಾ 4 ಗೋಲ್ಡನ್ ಅನ್ನುವ ಜಪಾನಿನ ವಿಡಿಯೊ ಗೇಮ್ ಆಡುತ್ತಿದ್ದೇನೆ. ಒಂದು ವರ್ಷ ಶಾಲೆಗೆ ಹೋಗುತ್ತಾ, ಟಿವಿ ಒಳಗಿನ ಲೋಕದಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುವ ಕತೆ. ಈ ಸರಣಿಯಲ್ಲಿ ನನಗೆ ಇದೇ ಮೊದಲ ಆಟ. ಆಟದಲ್ಲಿ ಈಗ ಏಪ್ರಿಲ್ ಕೊನೆ ಹತ್ತಿರ ಬಂದಿದೆ, ಸಹಪಾಠಿ ಯುಕಿಕೋ ಸಿಕ್ಕಿಬಿದ್ದಿರುವ ಕೋಟೆಯನ್ನು ಅರ್ಧ ಹತ್ತಿದ್ದೇನೆ, ಬಾಸ್, ಅಂದರೆ ಕೊನೆಯ ದೊಡ್ಡ ಶತ್ರು, ಇನ್ನೂ ಸಿಕ್ಕಿಲ್ಲ. ಕತೆ ಹಿಡಿಸಿದೆ, ಇನಾಬಾ ಊರು ಹಿಡಿಸಿದೆ, ಆ ಪುಟ್ಟ ಹುಡುಗಿ ನಾನಾಕೋ ಅಂತೂ ತುಂಬ ಇಷ್ಟ ಆಗಿದ್ದಾಳೆ.

ಆದರೆ ಕ್ಯಾಲೆಂಡರ್ ನೋಡಿದರೆ ಹೆದರಿಕೆ ಆಗುತ್ತದೆ. ಶಾಲೆ ಬಿಟ್ಟ ಕೂಡಲೇ ಯೋಸುಕೆ ಕರೆಯುತ್ತಾನೆ, ಚಿಯೆ ಕಾಯುತ್ತಿರುತ್ತಾಳೆ, ಆಟೋಟದ ಕ್ಲಬ್ ಇದೆ, ಮಾರಿ ಇದ್ದಾಳೆ, ಲೈಬ್ರರಿಯಲ್ಲಿ ಕೂತು ಓದಬಹುದು, ಇದೆಲ್ಲ ಬಿಟ್ಟು ಟಿವಿ ಒಳಗೂ ಹೋಗಬೇಕು. ಒಂದನ್ನು ಆರಿಸಿದರೆ ಆ ಮಧ್ಯಾಹ್ನ ಮುಗಿಯಿತು, ಉಳಿದದ್ದೆಲ್ಲ ಹೋಯಿತು. ಹೀಗಾಗಿ ದಿನಕ್ಕೊಂದು ಸಾಲು ಬರೆದಿರುವ ಒಂದು ಗೈಡ್ ಹುಡುಕಿ ತೆಗೆದೆ. ಇವತ್ತು ಇವರನ್ನು ಮಾತಾಡಿಸು, ಈ ಉತ್ತರ ಆರಿಸು, ನಾಳೆ ಇಲ್ಲಿಗೆ ಹೋಗು ಅಂತ ವರ್ಷ ಪೂರ್ತಿ ಬರೆದಿಟ್ಟಿದ್ದಾರೆ. ಅದನ್ನು ಅನುಸರಿಸಿದರೆ ಮೊದಲ ಸಲವೇ ಎಲ್ಲ ಸೋಷಿಯಲ್ ಲಿಂಕ್ (ಒಬ್ಬೊಬ್ಬರ ಜೊತೆ ಹಂತ ಹಂತವಾಗಿ ಬೆಳೆಸುವ ಗೆಳೆತನ) ಮುಗಿಸಬಹುದಂತೆ. ಸ್ವಲ್ಪ ದಿನ ಹಾಗೇ ಆಡಿ ನೋಡಿದೆ. ಕೆಲಸವೇನೋ ಆಗುತ್ತದೆ, ಆದರೆ ಯಾರು ಏನು ಮಾತಾಡಿದರು ಅಂತ ಓದುವುದಕ್ಕಿಂತ ಮುಂದಿನ ಸಾಲು ಯಾವುದು ಅಂತ ನೋಡುವುದೇ ಜಾಸ್ತಿ ಆಯಿತು. ಹಾಗಂತ ಗೈಡ್ ಮುಚ್ಚಿಟ್ಟರೆ ಏನೋ ದೊಡ್ಡದು ಕೈತಪ್ಪುತ್ತದೆ ಅನ್ನುವ ಭಯ.

ಎರಡನೆಯದು, ಕೋಟೆಯಲ್ಲಿ ಎರಡು ಮೂರು ಮಹಡಿ ಹತ್ತುವಷ್ಟರಲ್ಲಿ ಎಸ್‌ಪಿ (ಮ್ಯಾಜಿಕ್ ಬಳಸಲು ಬೇಕಾದ ಶಕ್ತಿ) ಖಾಲಿ ಆಗಿಬಿಡುತ್ತದೆ. ಹೊರಗೆ ಬಂದರೆ ಒಂದು ದಿನ ಹೋಯಿತು, ಒಳಗೇ ಇದ್ದರೆ ಸಾಯುತ್ತೇನೆ. ನೀವೆಲ್ಲ ಇದನ್ನು ಹೇಗೆ ನಿಭಾಯಿಸುತ್ತೀರಿ?

ಇನ್ನೊಂದು ಸಣ್ಣ ಅನುಮಾನ. ಶಾಲೆಯ ಭಾಗ ಇಷ್ಟು ಚೆನ್ನಾಗಿದೆ, ಡಂಜನ್ (ಟಿವಿ ಒಳಗೆ ಹೊಡೆದಾಡುವ ಜಾಗ) ಮಾತ್ರ ಓಣಿ ಆದ ಮೇಲೆ ಓಣಿ. ಮುಂದೆಯೂ ಹೀಗೇನಾ? ಮತ್ತೆ, ಪರ್ಸೋನಾ 3 ಮೊದಲು ಆಡಬೇಕಿತ್ತಾ?

ದಯವಿಟ್ಟು ಮುಂದಿನ ಕತೆ ಹೇಳಬೇಡಿ. ಕೊಲೆಗಾರ ಯಾರು ಅನ್ನುವ ಸುಳಿವು ಕೂಡ ಬೇಡ.

ಎರಡನೇಸೇವ್:

ಮೊದಲು ಎಸ್‌ಪಿ ವಿಷಯ, ಯಾಕೆಂದರೆ ಅದು ಸರಿಹೋದರೆ ಕ್ಯಾಲೆಂಡರ್ ಭಯ ಅರ್ಧಕ್ಕಿಂತ ಜಾಸ್ತಿ ತಾನಾಗಿಯೇ ಇಳಿಯುತ್ತದೆ.

ಯುಕಿಕೋ ಕೋಟೆ ಇಡೀ ಆಟದಲ್ಲೇ ಎಸ್‌ಪಿಗೆ ಅತಿ ಕಷ್ಟದ ಜಾಗ. ಇದು ನಿಮ್ಮೊಬ್ಬರ ಕತೆ ಅಲ್ಲ. ಪಾರ್ಟಿಯಲ್ಲಿ ಮೂರೇ ಜನ ಇದ್ದೀರಿ, ಎಲ್ಲರ ಎಸ್‌ಪಿಯೂ ಕಡಿಮೆ, ತುಂಬಿಸಿಕೊಳ್ಳುವ ವಸ್ತುಗಳು ಅಪರೂಪ. ಹಾಗಾಗಿ ಸಣ್ಣಪುಟ್ಟ ಶಾಡೋಗಳಿಗೆ, ಅಂದರೆ ಅಲ್ಲಿನ ಶತ್ರುಗಳಿಗೆ, ಮ್ಯಾಜಿಕ್ ಖರ್ಚು ಮಾಡಬೇಡಿ. ಚಿಯೆಯ ಹೊಡೆತದ ಸ್ಕಿಲ್‌ಗಳು ಎಚ್‌ಪಿ (ಜೀವಬಲ) ತಿನ್ನುತ್ತವೆ, ಎಸ್‌ಪಿ ಮುಟ್ಟುವುದಿಲ್ಲ. ಎಚ್‌ಪಿ ತುಂಬಿಸುವ ಔಷಧಿ ಊರಿನ ಅಂಗಡಿ ಬೀದಿಯಲ್ಲೇ ಅಗ್ಗಕ್ಕೆ ಸಿಗುತ್ತದೆ, ಅದನ್ನು ಚೀಲ ತುಂಬ ಕೊಂಡುಕೊಂಡು ಹೋಗಿ. ಯೋಸುಕೆಯ ಡಿಯಾ (ಗಾಯ ಮಾಗಿಸುವ ಮ್ಯಾಜಿಕ್) ತುರ್ತಿಗೆ ಮಾತ್ರ ಇರಲಿ.

ಓಣಿಯಲ್ಲಿ ಓಡಾಡುವ ಕಪ್ಪು ಮುದ್ದೆಗಳು ನಿಮಗೆ ಬೆನ್ನು ಹಾಕಿದಾಗಲೇ ಕತ್ತಿಯಿಂದ ಹೊಡೆಯಿರಿ. ಆಗ ಮೊದಲ ಸರದಿ ನಿಮ್ಮದು. ಅವು ನಿಮ್ಮ ಬೆನ್ನ ಹಿಂದಿನಿಂದ ಬಂದು ಹಿಡಿದರೆ ಸರದಿ ಅವುಗಳದ್ದು, ಆಗ ಕಳೆದುಕೊಳ್ಳುವ ಎಚ್‌ಪಿಯನ್ನು ಮತ್ತೆ ತುಂಬಿಸುವುದಕ್ಕೇ ನಿಮ್ಮ ಎಸ್‌ಪಿ ಮುಗಿಯುತ್ತದೆ. ಒಳಗೆ ನುಗ್ಗಿದ ಮೇಲೆ ಶಾಡೋಗೆ ಯಾವುದು ಆಗಿಬರುವುದಿಲ್ಲ ಅಂತ ಒಂದು ಸಲ ಕಂಡುಕೊಂಡರೆ ಸಾಕು, ಆಟ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಆ ಧಾತುವಿನಿಂದ ಹೊಡೆದರೆ ಅದು ಬೀಳುತ್ತದೆ, ನಿಮಗೆ ಇನ್ನೊಂದು ಸರದಿ ಸಿಗುತ್ತದೆ, ಎಲ್ಲವೂ ಬಿದ್ದರೆ ಇಡೀ ತಂಡ ಸೇರಿ ಹೊಡೆಯುವ ಆಲ್-ಔಟ್ ಅಟ್ಯಾಕ್. ಆಲ್-ಔಟ್ ಅಟ್ಯಾಕ್‌ಗೆ ಒಂದು ಬಿಂದು ಎಸ್‌ಪಿಯೂ ಖರ್ಚಿಲ್ಲ. ಒಂದು ಸಣ್ಣ ಮಿಂಚು ಖರ್ಚು ಮಾಡಿ ಇಡೀ ಗುಂಪನ್ನು ಮುಗಿಸುವುದು ಅಂದರೆ ಇದೇ.

ಒಂದು ಮಾತು ಮಾತ್ರ ಮರೆಯಬೇಡಿ: ನಾಯಕ ಸತ್ತರೆ ಆಟ ಮುಗಿಯಿತು, ಉಳಿದವರು ಪೂರ್ತಿ ಗಟ್ಟಿಯಾಗಿದ್ದರೂ ಲೆಕ್ಕಕ್ಕಿಲ್ಲ. ಮೊದಲು ಅವನ ಎಚ್‌ಪಿ ನೋಡಿ, ಆಮೇಲೆ ಉಳಿದವರದ್ದು. ಒಳಗೆ ಸೇವ್ ಮಾಡುವ ಜಾಗಗಳೂ ಕಡಿಮೆ. ಗೋಹೋ-ಎಂ ಅನ್ನುವ ವಸ್ತು ಒಂದೆರಡು ಯಾವಾಗಲೂ ಜೊತೆಗಿರಲಿ, ಬಳಸಿದರೆ ನೇರ ಬಾಗಿಲಿಗೆ ಬರುತ್ತೀರಿ. ಸೇವ್ ಮಾಡಿ ಮತ್ತೆ ಒಳಗೆ ಹೋದರೆ ಮುಟ್ಟಿದ್ದ ಮಹಡಿಗೇ ಹೋಗಬಹುದು, ಕೆಳಗಿನಿಂದ ಹತ್ತಬೇಕಿಲ್ಲ.

ಈ ಕೋಟೆ ಮುಗಿದ ಸ್ವಲ್ಪ ದಿನಕ್ಕೆ ಒಂದು ನರಿ ಪರಿಚಯ ಆಗುತ್ತದೆ. ಡಂಜನ್ ಬಾಗಿಲಲ್ಲಿ ನಿಂತು ದುಡ್ಡು ತೆಗೆದುಕೊಂಡು ಎಸ್‌ಪಿ ತುಂಬಿಸಿಕೊಡುತ್ತದೆ. ಶುರುವಿನಲ್ಲಿ ರೇಟು ಜಾಸ್ತಿ. ಅದರ ಸೋಷಿಯಲ್ ಲಿಂಕ್, ಅಂದರೆ ಹರ್ಮಿಟ್, ಏರಿದಂತೆ ರೇಟು ಇಳಿಯುತ್ತದೆ. ಹರ್ಮಿಟ್ ಏರುವುದು ದೇವಸ್ಥಾನದಲ್ಲಿ ಊರಿನವರು ಬರೆದಿಟ್ಟ ಹರಕೆಗಳನ್ನು ಈಡೇರಿಸಿದರೆ. ಅದನ್ನು ಬೇಗ ಬೇಗ ಮಾಡಿಕೊಳ್ಳಿ. ಆಮೇಲೆ ಒಂದೊಂದು ಡಂಜನ್ ಒಂದೇ ದಿನದಲ್ಲಿ, ತಪ್ಪಿದರೆ ಎರಡು ದಿನದಲ್ಲಿ ಮುಗಿಯುತ್ತದೆ.

ಈಗ ಕ್ಯಾಲೆಂಡರ್. ಕಾಪಾಡಲು ಇರುವ ಗಡುವು ಹತ್ತು ಹನ್ನೆರಡು ದಿನದ್ದು, ಡಂಜನ್ ಕೇಳುವುದು ಒಂದೆರಡು ದಿನ. ಉಳಿದದ್ದೆಲ್ಲ ನಿಮ್ಮದೇ. ಗೈಡ್ ಮುಚ್ಚಿಡಿ.

ನೀಲಿಕೊಡೆ:

ಪರ್ಸೋನಾ 3 ಮೊದಲು ಆಡಬೇಕಿಲ್ಲ. ಊರು ಬೇರೆ, ಜನ ಬೇರೆ, ಕತೆ ಬೇರೆ. ಸೆಪ್ಟೆಂಬರ್‌ನಲ್ಲಿ ನಿಮ್ಮ ಯಾಸೋಗಾಮಿ ಶಾಲೆಯವರು ಪ್ರವಾಸ ಹೋಗುವುದು ಪರ್ಸೋನಾ 3 ನಡೆದ ದ್ವೀಪಕ್ಕೆ, ಅಲ್ಲಿನ ಗೆಕ್ಕೋಕಾನ್ ಹೈಸ್ಕೂಲಿಗೂ ಭೇಟಿ ಇದೆ. 3 ಆಡಿದವರಿಗೆ ಆ ಜಾಗ ಕಂಡು ಖುಷಿ ಆಗುತ್ತದೆ, ಆಡದವರಿಗೆ ಅರ್ಥವಾಗದೆ ಉಳಿಯುವುದು ಏನೂ ಇಲ್ಲ. ಇದು ಮುಗಿದ ಮೇಲೆ 2024ರಲ್ಲಿ ಹೊಸದಾಗಿ ಮಾಡಿ ತಂದ ಪರ್ಸೋನಾ 3 ರೀಲೋಡ್ ಆಡಿ. 2006ರ ಮೂಲ ಆಟದಲ್ಲಿ ಜೊತೆಗಾರರಿಗೆ ಯುದ್ಧದಲ್ಲಿ ನೇರ ಅಪ್ಪಣೆ ಕೊಡುವಂತೆಯೇ ಇರಲಿಲ್ಲ, ತಂತ್ರ ಹೇಳಿ ಬಿಡಬೇಕಿತ್ತು, ಅವರು ತಮಗೆ ತೋಚಿದ್ದು ಮಾಡುತ್ತಿದ್ದರು. ಈಗ ಅದಕ್ಕೆ ಹಿಂದಿರುಗಿ ಹೋಗುವುದು ಕಷ್ಟ.

ಮಧ್ಯರಾತ್ರಿಓದು:

ಗೈಡ್ ಮುಚ್ಚಿಡಿ ಅಂದ ಎರಡನೇಸೇವ್ ಅವರ ಮಾತು ನನಗೆ ಒಪ್ಪಿಗೆ ಇಲ್ಲ.

ಇದು ಎಪ್ಪತ್ತು ಗಂಟೆ ಹಿಡಿಯುವ ಆಟ. ಕೆಲಸ, ಮನೆ, ಮಕ್ಕಳು ಅಂತ ಇರುವವರು ಇದನ್ನು ಒಂದು ಸಲ ಮುಗಿಸುವುದೇ ದೊಡ್ಡದು. ತಪ್ಪಿದ್ದನ್ನು ಎರಡನೇ ಸಲ ಆಡುವಾಗ ನೋಡಿಕೊಳ್ಳಿ ಅಂದರೆ ಅವರಿಗೆ ಏನೂ ಪ್ರಯೋಜನ ಇಲ್ಲ. ಅಂಥವರು ನಿಜವಾಗಿ ನೋಡಬೇಕಾದದ್ದನ್ನು ತಪ್ಪಿಸಿಕೊಂಡು, ಆಮೇಲೆ ಯಾರದೋ ವಿಡಿಯೊದಲ್ಲಿ ನೋಡುವುದು ನನಗೆ ಬೇಸರದ ವಿಷಯ. ಅದರಲ್ಲೂ ಗೋಲ್ಡನ್‌ನಲ್ಲಿ ಆಟ ತಾನಾಗಿ ಹೇಳದ ಕೆಲವು ಬಾಗಿಲುಗಳಿವೆ. ಕತೆ ಒಡೆಯದೆ ಇಷ್ಟು ಹೇಳಬಹುದು ಅಂದುಕೊಂಡಿದ್ದೇನೆ:

2008ರ ಮೂಲ ಆಟದಲ್ಲಿ ಮಾರಿ ಇರಲಿಲ್ಲ. 2012ರಲ್ಲಿ ಪ್ಲೇಸ್ಟೇಷನ್ ವೀಟಾಗೆ ಗೋಲ್ಡನ್ ಬಂದಾಗ ಸೇರಿದವಳು. ಅವಳ ಲಿಂಕನ್ನು ಡಿಸೆಂಬರ್ ಬರುವಷ್ಟರಲ್ಲಿ ಪೂರ್ತಿ ಮುಗಿಸಿಬಿಡಿ. ಗೋಲ್ಡನ್‌ಗೆ ಅಂತಲೇ ಬರೆದ ಚಳಿಗಾಲದ ಭಾಗ ತೆರೆಯುವುದಕ್ಕೆ ಅದು ಬೇಕು. ಇಡೀ ಒಂದು ಡಂಜನ್, ತಿಂಗಳುಗಟ್ಟಲೆ ಕತೆ ಅದರ ಹಿಂದೆ ಇದೆ. ಡಿಸೆಂಬರ್ ಮೊದಲ ವಾರದಲ್ಲಿ ಒಂದು ದೃಶ್ಯ ಬರುತ್ತದೆ, ಎಲ್ಲರೂ ಸಿಟ್ಟಿನಲ್ಲಿ ಇರುತ್ತಾರೆ, ನಿಮ್ಮ ಉತ್ತರ ಕೇಳುತ್ತಾರೆ. ಅದಕ್ಕೆ ಮುಂಚೆ ಬೇರೆ ಸ್ಲಾಟ್‌ನಲ್ಲಿ ಸೇವ್ ಮಾಡಿಟ್ಟುಕೊಳ್ಳಿ, ಆತುರದಲ್ಲಿ ಉತ್ತರ ಕೊಡಬೇಡಿ, ಅಲ್ಲಿ ತಪ್ಪಿದರೆ ಆಟ ಅಲ್ಲಿಗೇ ಮುಗಿದುಹೋಗುವಂಥ ಅಂತ್ಯಗಳಿವೆ. ಕೊನೆಯದಾಗಿ ಮಾರ್ಚ್‌ನಲ್ಲಿ, ಊರು ಬಿಡುವ ಹಿಂದಿನ ದಿನ, ಎಲ್ಲರನ್ನೂ ಮಾತಾಡಿಸಿ ಆಯಿತು ಅನ್ನಿಸಿದ ಮೇಲೂ ಮನೆಗೆ ಹೋಗುವ ಆತುರ ಮಾಡಬೇಡಿ. ಅಷ್ಟೇ.

ಈ ಮೂರನ್ನು ಬಿಟ್ಟರೆ ಉಳಿದದ್ದಕ್ಕೆ ಗೈಡ್ ಬೇಕಾ ಬೇಡವಾ ಅನ್ನುವುದು ನಿಮ್ಮ ಇಷ್ಟ. ತರಗತಿಯಲ್ಲಿ ಮೇಷ್ಟ್ರು ಕೇಳುವ ಪ್ರಶ್ನೆಗಳಿಗೆ ಉತ್ತರ ನೋಡಿಕೊಂಡರೆ ಯಾವ ನಷ್ಟವೂ ಇಲ್ಲ. ಸೋಷಿಯಲ್ ಲಿಂಕ್ ಬೇಗ ಏರಬೇಕು ಅಂದರೆ ಗೈಡ್‌ಗಿಂತ ಒಳ್ಳೆಯ ಉಪಾಯ ಇನ್ನೊಂದಿದೆ. ಯಾರನ್ನು ಭೇಟಿ ಮಾಡುತ್ತೀರೋ ಅವರ ಆರ್ಕಾನಾದ (ಟ್ಯಾರೋ ಕಾರ್ಡಿನ ಹೆಸರಿನ ಗುಂಪು) ಒಂದು ಪರ್ಸೋನಾ (ಯುದ್ಧದಲ್ಲಿ ಕರೆಯುವ ಜೀವಿ) ಜೊತೆಗಿರಬೇಕು. ಚಿಯೆ ಅಂದರೆ ಚಾರಿಯಟ್, ಯೋಸುಕೆ ಅಂದರೆ ಮೆಜಿಷಿಯನ್. ಅದಿದ್ದರೆ ಪ್ರತಿ ಭೇಟಿಯಲ್ಲೂ ಜಾಸ್ತಿ ಅಂಕ, ಒಂದೆರಡು ಉತ್ತರ ಅವರಿಗೆ ಹಿಡಿಸದಿದ್ದರೂ ನಡೆಯುತ್ತದೆ. ಇಷ್ಟು ಗೊತ್ತಿದ್ದರೆ ಮಾತುಗಳನ್ನು ನಿಮಗೆ ಸರಿ ಕಂಡಂತೆ ಆರಿಸಬಹುದು.

ಗೋಲ್ಡನ್‌ನಲ್ಲಿ ಬೇರೆ ಆಟಗಾರರು ಅದೇ ದಿನ ಏನು ಮಾಡಿದರು ಅಂತ ತೋರಿಸುವ ಗುಂಡಿಯೂ ಇದೆ. ಎಲ್ಲಿಗೆ ಹೋಗಬೇಕು ಅಂತ ಹೊಳೆಯದಿದ್ದಾಗ ಅದನ್ನು ಒತ್ತಿ ನೋಡಿ. ಗೈಡ್‌ನಷ್ಟು ಕಟ್ಟುನಿಟ್ಟಲ್ಲ, ಪೂರ್ತಿ ಕತ್ತಲೆಯೂ ಅಲ್ಲ.

ಕಾಗದದೋಣಿ:

ಮೂವರಿಗೂ ಧನ್ಯವಾದ. ಮೂರು ಎಚ್ಚರಿಕೆಗಳನ್ನು ಬರೆದಿಟ್ಟುಕೊಂಡೆ. ಆರ್ಕಾನಾ ವಿಷಯ ನನಗೆ ಗೊತ್ತೇ ಇರಲಿಲ್ಲ, ಪರ್ಸೋನಾಗಳನ್ನು ಬೆರೆಸಿ ಹೊಸದು ಮಾಡುವ ವೆಲ್ವೆಟ್ ರೂಮಿನಲ್ಲಿ ಬಲ ಜಾಸ್ತಿ ಇರುವುದನ್ನು ಮಾತ್ರ ನೋಡಿ ಆ ಬೆರಕೆ, ಅಂದರೆ ಫ್ಯೂಷನ್, ಮಾಡುತ್ತಿದ್ದೆ.

ಇನ್ನೊಂದು ಕೇಳಬೇಕು. ಗಡುವು ತಪ್ಪಿದರೆ ಏನಾಗುತ್ತದೆ? ಮಳೆ ಬಿದ್ದು ಮಂಜು ಕವಿಯುವ ಹೊತ್ತಿಗೆ ಕಾಪಾಡಬೇಕು ಅಂತ ಗೊತ್ತು. ಅಷ್ಟರಲ್ಲಿ ಆಗದಿದ್ದರೆ ಮೊದಲಿನಿಂದ ಶುರು ಮಾಡಬೇಕಾ?

ಡಂಜನ್ ಬಗ್ಗೆಯೂ ಯಾರಾದರೂ ಹೇಳಿ. ಶಾಲೆಯ ಕತೆ ಒಂದು ಕಡೆ, ಈ ಹೊಡೆದಾಟ ಒಂದು ಕಡೆ, ಎರಡು ಬೇರೆ ಬೇರೆ ಆಟ ಅಂಟಿಸಿದಂತೆ ನನಗೆ ಅನ್ನಿಸುತ್ತಿದೆ.

ಎರಡನೇಸೇವ್:

ಮೊದಲಿನಿಂದ ಬೇಡ. ಗಡುವು ತಪ್ಪಿದರೆ ಆಟ ಮುಗಿಯುತ್ತದೆ, ಆದರೆ ಒಂದು ವಾರ ಹಿಂದಕ್ಕೆ ಹೋಗುವ ಅವಕಾಶವನ್ನು ಅದೇ ಕೊಡುತ್ತದೆ. ಇದನ್ನೇ ನೆಚ್ಚಿಕೊಂಡು ಕೂರಬೇಡಿ, ಹೆದರಿಕೊಳ್ಳಲೂ ಬೇಡಿ. ಕ್ಯಾಲೆಂಡರ್‌ನಲ್ಲಿ ಮುಂದಿನ ದಿನಗಳ ಹವಾಮಾನ ಕಾಣುತ್ತದೆ, ಅದನ್ನು ದಿನಾ ನೋಡುವ ಅಭ್ಯಾಸ ಮಾಡಿಕೊಳ್ಳಿ. ಸಾಲಾಗಿ ಮಳೆ ಕಂಡರೆ ಮಂಜು ಹತ್ತಿರ ಬಂತು ಅಂತ ಅರ್ಥ.

ಮಧ್ಯರಾತ್ರಿಓದು ಹೇಳಿದ ಮೂರು ವಿಷಯ ತಿಳಿದಿರಬೇಕು, ಅದನ್ನು ಒಪ್ಪುತ್ತೇನೆ. ದಿನದಿನದ ಪಟ್ಟಿ ಮಾತ್ರ ಈಗಲೂ ಬೇಡ ಅನ್ನುತ್ತೇನೆ.

ಹಳೇಸಂತೆ:

ಎರಡು ಆಟ ಅಂಟಿಸಿದಂತೆ ಇದೆ ಅಂದಿರಲ್ಲ, ಅದಕ್ಕೆ ಸ್ವಲ್ಪ ಉದ್ದವಾಗಿ ಉತ್ತರ ಬರೆಯುತ್ತೇನೆ. ಈ ಸರಣಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯವೇ ಇದು.

ಈ ಆಟ ಮಾಡಿದ ಅಟ್ಲಸ್‌ನವರು ಶಾಲೆ ಮತ್ತು ರಾಕ್ಷಸರನ್ನು ಒಟ್ಟಿಗೆ ಇಟ್ಟದ್ದು ಇವತ್ತು ನಿನ್ನೆ ಅಲ್ಲ. 1994ರಲ್ಲೇ ಶಿನ್ ಮೆಗಾಮಿ ಟೆನ್ಸೇ ಇಫ್ ಅಂತ ಒಂದು ಆಟ ಬಂದಿತ್ತು, ಅದರಲ್ಲಿ ಇಡೀ ಶಾಲೆಯೇ ರಾಕ್ಷಸರ ಲೋಕಕ್ಕೆ ಎಳೆದುಕೊಂಡು ಹೋಗುತ್ತದೆ. ಅದರ ಬೇರಿನಿಂದಲೇ 1996ರಲ್ಲಿ ಮೊದಲ ಪರ್ಸೋನಾ ಚಿಗುರಿತು. ಆದರೆ ಅವುಗಳಲ್ಲಿ ಶಾಲೆ ಅನ್ನುವುದು ಕತೆ ನಡೆಯುವ ಜಾಗ ಮಾತ್ರ. ದಿನ ಕಳೆಯುವುದು, ಪಾಠ ಕೇಳುವುದು, ಗೆಳೆತನ ಬೆಳೆಸುವುದು, ಇದೆಲ್ಲ ಬಂದದ್ದು 2006ರ ಪರ್ಸೋನಾ 3ರಲ್ಲಿ, ಕತ್ಸುರಾ ಹಶಿನೋ ನಿರ್ದೇಶಕರಾಗಿದ್ದಾಗ. ಆಮೇಲಿನ 4 ಮತ್ತು 5 ಕೂಡ ಅವರದೇ ನಿರ್ದೇಶನ. ಸಂಗೀತ ಶೋಜಿ ಮೆಗುರೋ, ಪಾತ್ರಗಳ ಚಿತ್ರ ಶಿಗೆನೋರಿ ಸೋಯೆಜಿಮಾ. ಈ ಮೂವರ ಕೈ ಮೂರು ಆಟದಲ್ಲೂ ಕಾಣುತ್ತದೆ.

ಈಗ ಲೆಕ್ಕ ನೋಡಿ. ಯಾವ ಆರ್ಕಾನಾದ ಗೆಳೆತನ ಬೆಳೆದಿದೆಯೋ ಆ ಆರ್ಕಾನಾದ ಪರ್ಸೋನಾ ಹುಟ್ಟುವಾಗಲೇ ಹೆಚ್ಚುವರಿ ಅನುಭವ ಪಡೆದು ಮೇಲಿನ ಮಟ್ಟಕ್ಕೆ ಏರುತ್ತದೆ. ಹಾಗಾಗಿ ಅಂಗಡಿ ಬೀದಿಯಲ್ಲಿ ಯಾರ ಜೊತೆಗೋ ಕೂತು ಮಾತಾಡಿದ ಮಧ್ಯಾಹ್ನ ವ್ಯರ್ಥ ಅಲ್ಲ, ಮುಂದಿನ ಬಾಸ್ ಎದುರು ಕೆಲಸಕ್ಕೆ ಬರುತ್ತದೆ. ಜೊತೆಗಾರರ ಲಿಂಕ್ ಏರಿದರೆ ಇನ್ನೂ ನೇರ ಲಾಭ: ಶತ್ರು ಬಿದ್ದಾಗ ಅವರು ಮತ್ತೆ ಹೊಡೆಯುತ್ತಾರೆ, ನೀವು ಸಾಯುವ ಏಟನ್ನು ತಮ್ಮ ಮೇಲೆ ತೆಗೆದುಕೊಳ್ಳುತ್ತಾರೆ, ಲಿಂಕ್ ಪೂರ್ತಿ ಆದಾಗ ಅವರ ಪರ್ಸೋನಾವೇ ರೂಪ ಬದಲಿಸುತ್ತದೆ. ನಾಯಕ ಸತ್ತರೆ ಆಟ ಮುಗಿಯಿತು ಅಂತ ಮೇಲೆ ಬರೆದಿದ್ದಾರಲ್ಲ, ಆ ನಿಯಮದ ಜೊತೆ ಇದನ್ನು ಇಟ್ಟು ನೋಡಿ. ಚಿಯೆ ಅಡ್ಡ ಬಂದು ಏಟು ತಿಂದಾಗ, ಅವಳ ಜೊತೆ ನದಿ ದಂಡೆಯಲ್ಲಿ ಕಳೆದ ದಿನಗಳೇ ನಿಮ್ಮನ್ನು ಉಳಿಸಿದಂತೆ ಆಗುತ್ತದೆ.

ಲೆಕ್ಕ ಬಿಡಿ, ಕತೆಯಲ್ಲೂ ಎರಡೂ ಒಂದೇ. ನೀವು ಈಗ ಇರುವ ಕೋಟೆಯನ್ನೇ ತೆಗೆದುಕೊಳ್ಳಿ. ಯುಕಿಕೋ ಅಮಾಗಿ ಛತ್ರದ ಮಗಳು. ಮುಂದೆ ಅದರ ಒಡತಿ ಅವಳೇ ಅಂತ ಊರೆಲ್ಲ ತೀರ್ಮಾನ ಮಾಡಿಯಾಗಿದೆ, ಅವಳನ್ನು ಯಾರೂ ಕೇಳಿಲ್ಲ. ಆದ್ದರಿಂದಲೇ ಟಿವಿ ಒಳಗೆ ಅವಳಿಗೆ ಸಿಕ್ಕಿರುವುದು ಕೋಟೆ. ಕರೆದುಕೊಂಡು ಹೋಗಲು ರಾಜಕುಮಾರ ಬರಲಿ ಅಂತ ಅವಳು ಒಳಗೆ ಕಾಯುತ್ತಿದ್ದಾಳೆ. ನೀವು ಓಡಾಡುವ ಕೆಂಪು ಓಣಿಗಳೆಲ್ಲ ಅವಳ ಮನಸ್ಸಿನದ್ದು. ಮುಂದೆ ಅವಳ ಸೋಷಿಯಲ್ ಲಿಂಕ್ ತೆರೆದಾಗ ನೋಡಿ, ಅಲ್ಲಿ ಅವಳು ಮಾತಾಡುವುದೂ ಇದನ್ನೇ, ಊರು ಬಿಡಬೇಕಾ, ತನ್ನ ಕಾಲ ಮೇಲೆ ನಿಲ್ಲುವುದು ಹೇಗೆ ಅಂತ. ಕೋಟೆಯಲ್ಲಿ ಕಿರುಚಿದ್ದನ್ನು ಅಲ್ಲಿ ಮೆಲ್ಲಗೆ, ತಿಂಗಳುಗಟ್ಟಲೆ ಬಿಡಿಸುತ್ತಾರೆ. ನಾನು ಆಡುವಾಗ ಒಬ್ಬರ ಡಂಜನ್ ಮುಗಿದ ಕೂಡಲೇ ಅವರ ಲಿಂಕ್ ಹಿಡಿದುಕೊಳ್ಳುತ್ತೇನೆ. ಏನು ಕೇಳಿಸಿಕೊಂಡಿದ್ದೇವೆ ಅನ್ನುವುದು ಹಸಿಯಾಗಿರುತ್ತದೆ.

ಊರಿನದ್ದೂ ಹಾಗೇ. ಜೂನೆಸ್ ಅನ್ನುವ ದೊಡ್ಡ ಮಳಿಗೆ ಬಂದ ಮೇಲೆ ಅಂಗಡಿ ಬೀದಿ ಒಣಗುತ್ತಿದೆ, ಯೋಸುಕೆ ಆ ಮಳಿಗೆಯ ಮ್ಯಾನೇಜರ್ ಮಗ. ಜನ ಅವನನ್ನು ನೋಡುವ ರೀತಿ ಗಮನಿಸಿದ್ದೀರಾ? ಬಾಗಿಲು ಹಾಕಿದ ಅಂಗಡಿಗಳ ಮುಂದೆ ನಿಂತವರನ್ನು ಮಾತಾಡಿಸಿ, ತಿಂಗಳಿಗೊಮ್ಮೆ ಅವರ ಮಾತು ಬದಲಾಗುತ್ತದೆ. ಕೊಲೆ ಸುದ್ದಿ ಹರಡಿದಂತೆ ಯಾರು ಯಾರ ಬಗ್ಗೆ ಏನು ಹೇಳುತ್ತಾರೆ ಅನ್ನುವುದೂ ಬದಲಾಗುತ್ತದೆ. ಮಳೆ ರಾತ್ರಿ ಟಿವಿಯಲ್ಲಿ ಬರುವ ಮಿಡ್‌ನೈಟ್ ಚಾನೆಲ್ ನೋಡಲು ಕಾಯುವ ಜನ ಇವರೇ. ಬೇರೆಯವರ ಬದುಕನ್ನು ಟಿವಿಯಲ್ಲಿ ನೋಡಿ ತೀರ್ಮಾನ ಮಾಡುವುದು, ಈ ಕತೆಯ ತಿರುಳೇ ಅದು. ಇದಕ್ಕಿಂತ ಜಾಸ್ತಿ ಹೇಳಿದರೆ ನಿಮ್ಮ ಮಾತು ಮೀರಿದಂತೆ ಆಗುತ್ತದೆ.

ಆದ್ದರಿಂದ ಗೈಡ್ ವಿಷಯದಲ್ಲಿ ನನ್ನ ಅಭಿಪ್ರಾಯ ಇದು. ಎಲ್ಲರ ಲಿಂಕೂ ಮುಗಿಸಬೇಕು ಅನ್ನುವ ಆಸೆಯನ್ನೇ ಬಿಡಿ. ಒಂದು ವರ್ಷಕ್ಕೆ ಬಂದು ಹೋಗುವ ಹುಡುಗ ಊರಿನ ಎಲ್ಲರಿಗೂ ಆಪ್ತ ಆಗುವುದಿಲ್ಲ. ನಿಮಗೆ ಇಷ್ಟವಾದ ಐದಾರು ಜನರನ್ನು ಪೂರ್ತಿ ತಿಳಿದುಕೊಳ್ಳಿ. ನಾನಾಕೋ ಮತ್ತು ಅವಳ ಅಪ್ಪ ದೋಜಿಮಾ ಅದರಲ್ಲಿ ಇರಲೇಬೇಕು. ಅವರಿಬ್ಬರೂ ರಾತ್ರಿ ಸಿಗುತ್ತಾರೆ, ಮಧ್ಯಾಹ್ನದ ಮೇಲೆ ಹೊರೆ ಬೀಳುವುದಿಲ್ಲ. ಆ ಮನೆಯಲ್ಲಿ ಕಳೆದ ರಾತ್ರಿಗಳು ಚಳಿಗಾಲ ಬಂದಾಗ ಎಷ್ಟು ಮುಖ್ಯ ಅನ್ನಿಸುತ್ತವೆ ಅಂತ ಆಗ ನೀವೇ ಹೇಳುತ್ತೀರಿ.

ಮಧ್ಯರಾತ್ರಿಓದು:

ಹಳೇಸಂತೆ ಅವರೇ, ಕತೆಯ ಮಟ್ಟಿಗೆ ನೀವು ಹೇಳಿದ್ದು ಪೂರ್ತಿ ನಿಜ. ಆದರೆ ಓಣಿ ಆದ ಮೇಲೆ ಓಣಿ ಅಂತ ಅವರು ಕೇಳಿದ್ದಕ್ಕೆ ನೇರ ಉತ್ತರ ಕೊಡಬೇಕಲ್ವಾ.

ಹೌದು, ಮುಂದೆಯೂ ಹೀಗೇ. ಪರ್ಸೋನಾ 4ರಲ್ಲಿ ಹೆಚ್ಚಿನ ಮಹಡಿಗಳನ್ನು ಕಂಪ್ಯೂಟರ್ ತಾನೇ ಜೋಡಿಸುತ್ತದೆ, ಪ್ರತಿ ಸಲ ಹೋದಾಗಲೂ ನಕ್ಷೆ ಬೇರೆ. ಗೋಡೆಯ ಬಣ್ಣ, ಸಂಗೀತ, ಒಳಗಿನ ದನಿಗಳು ಬದಲಾಗುತ್ತವೆ, ನಡೆಯುವ ರೀತಿ ಬದಲಾಗುವುದು ಕಡಿಮೆ. ಡಂಜನ್ ಅನ್ನು ಕೈಯಿಂದ ಕೂತು ಕಟ್ಟಿದ್ದು 2016ರ ಪರ್ಸೋನಾ 5ರಲ್ಲಿ. ಅಲ್ಲಿ ಕೋಟೆ ಅಂದರೆ ಕೋಟೆ, ಬ್ಯಾಂಕ್ ಅಂದರೆ ಬ್ಯಾಂಕ್, ಅಡಗಿ ಕೂರುವ ಮೂಲೆಗಳು, ಬಿಡಿಸಬೇಕಾದ ಒಗಟುಗಳು, ಮಧ್ಯೆ ಸೇವ್ ಮಾಡುವ ಕೋಣೆಗಳು ಎಲ್ಲ ಇವೆ. ನಿಮಗೆ ಡಂಜನ್ ಓಡಾಟವೇ ಮುಖ್ಯ ಆಗಿದ್ದರೆ 5 ಹೆಚ್ಚು ಹಿಡಿಸುತ್ತದೆ.

ಆದರೆ ಸಮಯದ ವಿಷಯದಲ್ಲಿ ಮೂರೂ ಬೇರೆ ಬೇರೆ. 3ರಲ್ಲಿ ಗೋಪುರಕ್ಕೆ ಹೋಗುವುದು ರಾತ್ರಿ, ಹಗಲಿನ ಗೆಳೆತನಕ್ಕೆ ತೊಂದರೆ ಇಲ್ಲ, ಹುಣ್ಣಿಮೆ ಬರುವಷ್ಟರಲ್ಲಿ ತಯಾರಾಗಿದ್ದರೆ ಸಾಕು. 4ರಲ್ಲಿ ಡಂಜನ್ ನಿಮ್ಮ ಮಧ್ಯಾಹ್ನವನ್ನೇ ಕೇಳುತ್ತದೆ. ಗೆಳೆಯನನ್ನು ಕಾಪಾಡುವುದಾ, ಗೆಳೆಯನ ಜೊತೆ ಕೂರುವುದಾ ಅನ್ನುವ ಒದ್ದಾಟ ಬರುವುದು ಅದರಿಂದಲೇ. 5ರಲ್ಲಿ ಅರಮನೆಯ ದಾರಿ ಪೂರ್ತಿ ಸಿಕ್ಕಿದ ಮೇಲೂ ಮುನ್ಸೂಚನೆಯ ಕಾರ್ಡ್ ಕಳಿಸಿ ಮರುದಿನ ನುಗ್ಗಬೇಕು, ಹಾಗಾಗಿ ಗಡುವಿನ ಕೊನೆಯ ದಿನದವರೆಗೆ ಕಾಯುವಂತೆಯೇ ಇಲ್ಲ. ಮೂರನ್ನೂ ಆಡಿದವನಾಗಿ ಹೇಳುತ್ತೇನೆ, ಓಣಿ ಚೆನ್ನಾಗಿಲ್ಲದಿದ್ದರೂ ಸಮಯದ ಎಳೆದಾಟ 4ರಲ್ಲೇ ಅತಿ ಬಿಗಿ.

ನೀಲಿಕೊಡೆ:

ಓಣಿ ಬೇಜಾರು ಅನ್ನುವವರಿಗೆ ಒಂದು ಮಾತು. ಗೋಲ್ಡನ್‌ನಲ್ಲಿ ಯುದ್ಧ ಮುಗಿದ ಮೇಲೆ ಬರುವ ಶಫಲ್ ಟೈಮ್ ಬಿಡಬೇಡಿ, ಕಾರ್ಡುಗಳ ವಿವರ ಓದಿ ಆರಿಸಿ, ಸರಿಯಾಗಿ ಆಡಿದರೆ ಒಂದಕ್ಕಿಂತ ಜಾಸ್ತಿ ಕಾರ್ಡ್ ಸಿಗುತ್ತದೆ. ಫ್ಯೂಷನ್‌ನಲ್ಲಿ ಯಾವ ಸ್ಕಿಲ್ ಮುಂದಿನ ಪರ್ಸೋನಾಗೆ ಹೋಗಬೇಕು ಅಂತ ನೀವೇ ಆರಿಸಬಹುದು. ಪಿಎಸ್2ರ ಮೂಲ ಆಟದಲ್ಲಿ ಅದು ನಮ್ಮ ಕೈಯಲ್ಲಿ ಇರಲಿಲ್ಲ, ಬೇಕಾದ್ದು ಬರುವವರೆಗೆ ಮತ್ತೆ ಮತ್ತೆ ತೆರೆದು ಮುಚ್ಚಬೇಕಿತ್ತು. ಯುಕಿಕೋ ಬಾಸ್ ಬೆಂಕಿಯಿಂದ ಹೊಡೆಯುತ್ತಾಳೆ. ಅವಳ ಎದುರಿಗೆ ಹೋಗುವ ಮುಂಚೆ ಬೆಂಕಿ ತಡೆಯುವ ಒಂದು ಪರ್ಸೋನಾ ಮಾಡಿಕೊಂಡು ಹೋಗಿ. ಹಾಗೆ ಒಂದೊಂದು ಬಾಸ್‌ಗೆ ಒಂದೊಂದು ಉತ್ತರ ವೆಲ್ವೆಟ್ ರೂಮಿನಲ್ಲಿ ಕಟ್ಟುವುದು ನನಗೆ ಡಂಜನ್‌ನ ದೊಡ್ಡ ಖುಷಿ. ನಿಮ್ಮ ಲೆವೆಲ್‌ಗಿಂತ ಮೇಲಿನದನ್ನು ಮಾಡಲು ಆಗುವುದಿಲ್ಲ, ಅಷ್ಟು ನೆನಪಿರಲಿ.

ಕಾಗದದೋಣಿ:

ಇವತ್ತು ಬಾಸ್ ಮುಗಿಯಿತು. ನೀಲಿಕೊಡೆ ಹೇಳಿದಂತೆ ಬೆಂಕಿ ತಡೆಯುವ ಪರ್ಸೋನಾ ಇಟ್ಟುಕೊಂಡಿದ್ದೆ. ಅವಳು ರಾಜಕುಮಾರನನ್ನು ಕರೆದಾಗ ಸ್ವಲ್ಪ ಗಾಬರಿ ಆಯಿತು, ಆದರೆ ಎಸ್‌ಪಿ ಉಳಿಸಿಕೊಂಡು ಬಂದಿದ್ದರಿಂದ ನಡೆಯಿತು. ಮುಗಿದ ಮೇಲೆ ಚಿಯೆ ಮತ್ತು ಯುಕಿಕೋ ಮಾತಾಡುವ ದೃಶ್ಯವನ್ನು ಗೈಡ್ ಪಕ್ಕದಲ್ಲಿ ಇಲ್ಲದೆ ನೋಡಿದೆ, ತುಂಬ ಚೆನ್ನಾಗಿತ್ತು.

ಗೈಡ್ ಮುಚ್ಚಿದ್ದೇನೆ. ಮೂರು ಎಚ್ಚರಿಕೆ ಮಾತ್ರ ಉಳಿಸಿಕೊಂಡಿದ್ದೇನೆ. ನಾನಾಕೋ, ದೋಜಿಮಾ, ಚಿಯೆ, ಯುಕಿಕೋ, ಮಾರಿ, ನರಿ ಇಷ್ಟು ಜನರನ್ನು ಪೂರ್ತಿ ಮಾಡುತ್ತೇನೆ, ಉಳಿದವರು ಸಿಕ್ಕಷ್ಟು.

ಆದರೆ ಗಡುವಿಗೆ ಮುಂಚೆಯೇ ಕಾಪಾಡಿಬಿಟ್ಟೆ. ಈಗ ಮಧ್ಯದ ದಿನಗಳಲ್ಲಿ ಏನು ಮಾಡಲಿ? ಯುಕಿಕೋ ಶಾಲೆಗೂ ಬರುತ್ತಿಲ್ಲ.

ಎರಡನೇಸೇವ್:

ಅವಳು ಚೇತರಿಸಿಕೊಳ್ಳಲಿ, ಆಮೇಲೆ ಬರುತ್ತಾಳೆ. ಅಲ್ಲಿಯವರೆಗಿನ ದಿನಗಳು ನಿಮ್ಮವು. ಮಳೆ ಬಂದ ದಿನ ಕೆಲವರು ಸಿಗುವುದಿಲ್ಲ, ಅಂಥ ದಿನ ಅಂಗಡಿ ಬೀದಿಯ ಐಯಾ ಹೋಟೆಲಿಗೆ ಹೋಗಿ ದೊಡ್ಡ ಬಟ್ಟಲು ಮಾಂಸದನ್ನದ ಪಂದ್ಯ ಕಟ್ಟಿ, ಧೈರ್ಯ, ಜ್ಞಾನದಂಥ ಗುಣಗಳು ಅದರಲ್ಲಿ ಏರಬಹುದು. ಮಳೆ ಇಲ್ಲದ ದಿನ ಚಿಯೆ, ಇಲ್ಲವೇ ಮಾರಿ. ಮೇನಲ್ಲಿ ಪರೀಕ್ಷೆ ಇದೆ, ಒಂದೆರಡು ಸಲ ಓದಿಕೊಳ್ಳಿ. ನರಿ ಇರುವುದು ತತ್ಸುಹಿಮೆ ದೇವಸ್ಥಾನದಲ್ಲಿ. ಅದಕ್ಕಾಗಿ ಕೋಟೆಗೆ ಇನ್ನೊಮ್ಮೆ ಹೋಗಬೇಕಾಗುತ್ತದೆ, ಮೇಲಿನ ಮಹಡಿಯಲ್ಲಿ ಬೇರೊಂದು ಬಾಸ್ ಕಾದಿದೆ. ಹೋಗುವ ಮುಂಚೆ ಒಂದೆರಡು ಹೊಸ ಪರ್ಸೋನಾ ಮಾಡಿಕೊಂಡು ಹೋಗಿ.